35 ಎಂಎಂ ನೆಗೆಟಿವನ್ನು ಗಾಜಿನ ಮೇಲೆ ಮಲಗಿಸಬೇಡಿ

ದೀಪಾವಳಿಗೆ ಲಾಫ್ಟ್ ಗುಡಿಸುವ ಹೊತ್ತಿಗೆ, ಇಲ್ಲವೇ ಊರಿನ ಮನೆ ಮಾರಿ ಅಣ್ಣತಮ್ಮಂದಿರು ಸಾಮಾನು ಹಂಚಿಕೊಂಡ ಮೇಲೆ, ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. 'ಅಪ್ಪನ ಕಾಲದ ನೆಗೆಟಿವ್‌ಗಳು ಒಂದು ಬಿಸ್ಕತ್ತಿನ ಡಬ್ಬಿ ತುಂಬ ಸಿಕ್ಕಿವೆ. ಯಾವ ಸ್ಕ್ಯಾನರ್ ಕೊಳ್ಳಲಿ?' ಉತ್ತರವೂ ಅಷ್ಟೇ ತಪ್ಪದೆ ಬರುತ್ತದೆ. 'ಒಳ್ಳೇ ಫ್ಲಾಟ್‌ಬೆಡ್ ಒಂದು ತಗೊಳ್ಳಿ. ಕಾಗದಪತ್ರ ಆಗುತ್ತೆ, ಹಳೇ ಫೋಟೊ ಆಗುತ್ತೆ, ನೆಗೆಟಿವೂ ಆಗುತ್ತೆ. 6400 ಡಿಪಿಐ ಇದೆ, ಇನ್ನೇನು ಬೇಕು?'

ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕೇಳಿದವರಲ್ಲಿ ಹೆಚ್ಚಿನವರಿಗೆ ಇದು ಕೆಟ್ಟ ಸಲಹೆ. ಅವರ ಡಬ್ಬಿಯಲ್ಲಿರುವುದು 1980 ಮತ್ತು 90ರ ದಶಕಗಳ 35 ಎಂಎಂ ಫಿಲ್ಮು. ಫ್ಲಾಟ್‌ಬೆಡ್ ಸ್ಕ್ಯಾನರು ಅತ್ಯಂತ ಕಳಪೆಯಾಗಿ ಓದುವ ಫಿಲ್ಮು ಯಾವುದಾದರೂ ಇದ್ದರೆ ಅದು ಇದೇ.

ಒಂದು ಯಂತ್ರದ ಬಗ್ಗೆ ಇಷ್ಟು ಖಾರವಾಗಿ ಬರೆಯಬೇಕೇ ಎಂದು ನೀವು ಕೇಳಬಹುದು. ಬರೆಯಲೇಬೇಕು, ಏಕೆಂದರೆ ಈ ಕೆಲಸವನ್ನು ಯಾರೂ ಎರಡು ಸಲ ಮಾಡುವುದಿಲ್ಲ. ನಾಲ್ಕು ಭಾನುವಾರ ಕೂತು ಸ್ಕ್ಯಾನ್ ಮಾಡಿ, ಹಾರ್ಡ್ ಡಿಸ್ಕಿಗೆ ತುಂಬಿ, 'ಅಂತೂ ಮುಗೀತು' ಎಂದು ನಿಟ್ಟುಸಿರು ಬಿಟ್ಟ ಮೇಲೆ ಆ ಡಬ್ಬಿ ಎಲ್ಲಿಗೆ ಹೋಗುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಮುಂಬಯಿಯ ಎರಡು ಕೋಣೆಯ ಫ್ಲಾಟಿನಲ್ಲಿ ಬಿಸ್ಕತ್ತಿನ ಡಬ್ಬಿಗೂ ಚದರಡಿಯ ಲೆಕ್ಕದಲ್ಲಿ ಬಾಡಿಗೆ ಬೀಳುತ್ತದೆ. ಮುಂದಿನ ಸಲ ಮನೆ ಬದಲಾಯಿಸುವಾಗ ಅದು ರದ್ದಿಯವನ ಪಾಲು. ಅಲ್ಲಿಂದ ಮುಂದೆ ನಿಮ್ಮ ಸ್ಕ್ಯಾನೇ ಮೂಲ. ಆದ್ದರಿಂದ ಸ್ಕ್ಯಾನರ್ ಆರಿಸುವುದು ಎಂದರೆ ಮೊಮ್ಮಕ್ಕಳಿಗೆ ಎಷ್ಟು ಕಾಣಬೇಕು ಎಂಬುದನ್ನು ಇವತ್ತೇ ತೀರ್ಮಾನ ಮಾಡುವುದು.

ಎಷ್ಟು ಕಾಣುತ್ತದೆ ಎಂಬುದನ್ನು ಬಾಯಿಲೆಕ್ಕದಲ್ಲೇ ನೋಡೋಣ. 35 ಎಂಎಂ ಫಿಲ್ಮಿನ ಒಂದು ಫ್ರೇಮು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಎಲ್ಲರ ಮನೆಯಲ್ಲೂ ಇರುವ ಮದುವೆಯ ಗುಂಪುಚಿತ್ರ ನೆನಪಿಸಿಕೊಳ್ಳಿ: ಛತ್ರದ ಮೆಟ್ಟಿಲ ಮೇಲೆ ನಾಲ್ಕು ಸಾಲು, ಒಂದೊಂದು ಸಾಲಿನಲ್ಲಿ ಹನ್ನೆರಡು ಜನ, ಮುಂದೆ ಚಕ್ಕಳಮಕ್ಕಳ ಹಾಕಿದ ಮಕ್ಕಳು. ಹನ್ನೆರಡು ಜನ 36 ಮಿಲಿಮೀಟರಿನಲ್ಲಿ ನಿಂತರೆ ಒಬ್ಬೊಬ್ಬರಿಗೆ ಸಿಗುವುದು ಭುಜದಿಂದ ಭುಜಕ್ಕೆ ಮೂರು ಮಿಲಿಮೀಟರ್. ಮುಖ ಭುಜದ ಅಗಲದ ಸುಮಾರು ಮೂರನೇ ಒಂದು ಪಾಲು. ಅಂದರೆ ಫಿಲ್ಮಿನ ಮೇಲೆ ನಿಮ್ಮ ಅಜ್ಜಿಯ ಮುಖ ಒಂದು ಮಿಲಿಮೀಟರ್ ಅಗಲ. ಸಾಸಿವೆ ಕಾಳಿಗಿಂತಲೂ ಚಿಕ್ಕದು.

ಆ ಒಂದು ಮಿಲಿಮೀಟರನ್ನು ಯಂತ್ರ ಎಷ್ಟು ಚುಕ್ಕಿಗಳಾಗಿ ಬಿಡಿಸಬಲ್ಲದು ಎಂಬುದೇ ಇಡೀ ಜಗಳ. ಒಂದು ಇಂಚಿಗೆ 1500 ಚುಕ್ಕಿ ಬಿಡಿಸುವ ಯಂತ್ರದಲ್ಲಿ ಅಜ್ಜಿಯ ಮುಖಕ್ಕೆ 59 ಪಿಕ್ಸೆಲ್ ಸಿಗುತ್ತವೆ. 2300 ಬಿಡಿಸಿದರೆ 90. 3600 ಬಿಡಿಸಿದರೆ ಸುಮಾರು 140. ಐವತ್ತೊಂಬತ್ತು ಪಿಕ್ಸೆಲಿನಲ್ಲಿ ಎರಡು ಕಪ್ಪು ಗುಂಡಿ, ನಡುವೆ ಒಂದು ಮಸಕು. ಮೊದಲೇ ಪರಿಚಯವಿದ್ದವರು ಗುರುತು ಹಿಡಿಯುತ್ತಾರೆ, ಉಳಿದವರಿಗೆ ಅದು ಯಾರೋ ಒಬ್ಬ ಮುದುಕಿ. ನೂರ ನಲವತ್ತರಲ್ಲಿ ಮೂಗುತಿ ಕಾಣುತ್ತದೆ, ಕನ್ನಡಕದ ಫ್ರೇಮು ಕಾಣುತ್ತದೆ, ನಗುತ್ತಿದ್ದಳೋ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳೋ ಎಂಬುದು ತಿಳಿಯುತ್ತದೆ.

'ಆದರೆ ನನ್ನ ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ 6400 ಎಂದು ಬರೆದಿದೆಯಲ್ಲ?' ಬರೆದಿದೆ. ಅದನ್ನು ಶುದ್ಧ ಸುಳ್ಳು ಎಂದು ಹೇಳಲಾಗದಂತೆ ಬರೆದಿರುವುದೇ ಅದರ ಜಾಣ್ಮೆ. ಆ ಸಂಖ್ಯೆ ಹೇಳುವುದು ಯಂತ್ರ ಒಂದು ಇಂಚಿನಲ್ಲಿ ಎಷ್ಟು ಸಲ ನೋಡುತ್ತದೆ ಎಂಬುದನ್ನು. ಎಷ್ಟು ಸ್ಪಷ್ಟವಾಗಿ ನೋಡುತ್ತದೆ ಎಂಬುದನ್ನಲ್ಲ. ಕನ್ನಡಕ ಮರೆತು ಬಂದವರು ಬಸ್ಸಿನ ಬೋರ್ಡನ್ನು ನಾಲ್ಕು ಸಲ ಓದಿದರೆ ಊರಿನ ಹೆಸರು ಸ್ಪಷ್ಟವಾಗುತ್ತದೆಯೇ? ಸೆನ್ಸರಿನಲ್ಲಿ ಅಷ್ಟು ಕಣ್ಣುಗಳಿರಬಹುದು, ಅದನ್ನು ಎಳೆಯುವ ಮೋಟಾರು ಅಷ್ಟು ಸಣ್ಣ ಹೆಜ್ಜೆ ಇಡಬಹುದು. ಮುಂದಿರುವ ಮಸೂರಕ್ಕೆ ಅಷ್ಟು ಸೂಕ್ಷ್ಮ ಕಾಣದಿದ್ದರೆ ಅವೆಲ್ಲ ಸೇರಿ ಒಂದು ಮಸಕನ್ನೇ ಬಹಳ ಶ್ರದ್ಧೆಯಿಂದ ದಾಖಲಿಸುತ್ತವೆ.

ನಿಜವಾದ ಸಾಮರ್ಥ್ಯ ಅಳೆಯಲು ದಾರಿ ಇದೆ. ಕ್ರಮವಾಗಿ ಚಿಕ್ಕದಾಗುತ್ತ ಹೋಗುವ ಗೆರೆಗಳ ಪಟ್ಟಿಯೊಂದನ್ನು ಸ್ಕ್ಯಾನ್ ಮಾಡಿ, ಎಲ್ಲಿಯವರೆಗೆ ಗೆರೆಗಳು ಬೇರೆಬೇರೆಯಾಗಿ ಕಾಣುತ್ತವೆ ಎಂದು ನೋಡುವುದು. ಅಮೆರಿಕದ ವಾಯುಪಡೆಯ 1951ರ ಪಟ್ಟಿಯೇ ಇಂದಿಗೂ ಬಳಕೆಯಲ್ಲಿದೆ. ಇಂಥ ಸ್ವತಂತ್ರ ಪರೀಕ್ಷೆಗಳಲ್ಲಿ, 6400 ಎಂದು ಹೇಳಿಕೊಳ್ಳುವ ಎಪ್ಸನ್ ವಿ600 ಬಿಡಿಸಿದ್ದು ಸುಮಾರು 1500ರಿಂದ 1600. ಅದರ ದೊಡ್ಡಣ್ಣಂದಿರಾದ ವಿ700, ವಿ850 ಬಿಡಿಸಿದ್ದು ಸುಮಾರು 2300. ಹೋಲ್ಡರಿನ ಎತ್ತರವನ್ನು ತಾಳ್ಮೆಯಿಂದ ಹೊಂದಿಸಿದವರು ಇನ್ನೂ ಸ್ವಲ್ಪ ಮೇಲೆ ಹೋಗಿದ್ದಾರೆ.

ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರುಗಳ ಕಂಪನಿಗಳೇನೂ ಹರಿಶ್ಚಂದ್ರನ ವಂಶದವಲ್ಲ. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8100, 8200ಐ ಪೆಟ್ಟಿಗೆಗಳ ಮೇಲೆ 7200 ಎಂದಿದೆ. ಅವು ನಿಜಕ್ಕೂ ಬಿಡಿಸುವುದು 3200ರಿಂದ 3800. ಅರ್ಧ ಸುಳ್ಳು. ಆದರೆ ಉಳಿದ ಅರ್ಧವೇ ಫ್ಲಾಟ್‌ಬೆಡ್ಡಿನ ಸತ್ಯದ ಎರಡರಷ್ಟಿದೆ. ಹೇಳಿದ್ದಕ್ಕೂ ಮಾಡಿದ್ದಕ್ಕೂ ಹೆಚ್ಚುಕಡಿಮೆ ತಾಳೆಯಾದದ್ದು ನಿಕಾನ್ ಸೂಪರ್ ಕೂಲ್‌ಸ್ಕ್ಯಾನ್ 5000. ಹೇಳಿದ್ದು 4000, ಬಿಡಿಸಿದ್ದು ಅದರ ಹತ್ತಿರ ಹತ್ತಿರ. ಅದನ್ನು ನಿಕಾನ್ ಎಂದೋ ನಿಲ್ಲಿಸಿಬಿಟ್ಟಿತು. ಒಳ್ಳೆಯ ಫಿಲ್ಮ್ ಸ್ಕ್ಯಾನರುಗಳನ್ನು ಮಾಡುತ್ತಿದ್ದ ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಎದ್ದು ಹೋಯಿತು.

ನನ್ನ ಮಾತನ್ನು ನಂಬಬೇಕಾಗಿಲ್ಲ. ಫ್ಲಾಟ್‌ಬೆಡ್ ಇದ್ದವರು ಮನೆಯಲ್ಲೇ ಪರೀಕ್ಷೆ ಮಾಡಿ. ಒಂದೇ ಫ್ರೇಮನ್ನು 2400ರಲ್ಲಿ ಒಮ್ಮೆ, 6400ರಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ. ಚಿಕ್ಕದನ್ನು ಯಾವುದಾದರೂ ಸಾಫ್ಟ್‌ವೇರಿನಲ್ಲಿ ದೊಡ್ಡದರ ಅಳತೆಗೆ ಹಿಗ್ಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾವುದೆಂದು ಹೇಳಲು ಮನೆಯವರಿಗೆ ಕೊಡಿ. ಕಾಣುವ ವ್ಯತ್ಯಾಸ ಒಂದೇ: 48 ಬಿಟ್ ಟಿಫ್ ಆಗಿ ಉಳಿಸಿದರೆ ಮೊದಲನೆಯ ಫೈಲು ಸುಮಾರು 46 ಎಂಬಿ, ಎರಡನೆಯದು 330 ಎಂಬಿ. ಹೆಚ್ಚುವರಿ ಜಾಗವೆಲ್ಲ ಹೋದದ್ದು ಅದೇ ಮಸಕಿಗೆ.

ಯಾಕೆ ಹೀಗೆ? ಫ್ಲಾಟ್‌ಬೆಡ್ಡಿನ ಮಸೂರಕ್ಕೆ ಹುಟ್ಟಿನಿಂದ ವಹಿಸಿದ ಕೆಲಸ ಎಂಟೂವರೆ ಇಂಚಿನ ಕಾಗದವನ್ನು ಅಂಚಿನಿಂದ ಅಂಚಿಗೆ ಓದುವುದು. ಪಾಸ್‌ಬುಕ್ಕು, ಜಾತಕ, ಮನೆಪತ್ರ. ಅದೇ ಕಣ್ಣಿಗೆ ನಾವು ಒಂದೂವರೆ ಇಂಚಿನ ನೆಗೆಟಿವ್ ಕೊಟ್ಟು ಸೂಕ್ಷ್ಮ ಹೇಳು ಎನ್ನುತ್ತೇವೆ. ವಿ700ರ ನಂತರದ ದೊಡ್ಡ ಮಾದರಿಗಳಲ್ಲಿ ಫಿಲ್ಮಿಗೆಂದು ಎರಡನೆಯ ಮಸೂರವಿದೆ ನಿಜ, ಆದರೆ ಅದೂ ಸುಮಾರು ಆರು ಇಂಚಿನ ಪಟ್ಟಿಯನ್ನು ಒಟ್ಟಿಗೆ ನೋಡಬೇಕು. ಫೋಕಸ್ ಹೊಂದಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಫಿಲ್ಮು ಗಾಜಿನಿಂದ ಇಂತಿಷ್ಟೇ ಮಿಲಿಮೀಟರ್ ಮೇಲಿರುತ್ತದೆ ಎಂಬ ನಂಬಿಕೆಯ ಮೇಲೆ ಎಲ್ಲ ನಿಂತಿದೆ. ಮಳೆಗಾಲದ ಚೆನ್ನೈಯಲ್ಲೋ ಮುಂಬಯಿಯಲ್ಲೋ ಮೂವತ್ತು ವರ್ಷ ಸುರುಳಿಯಾಗಿ ಮಲಗಿದ ಫಿಲ್ಮು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ದೋಣಿಯಂತೆ ಬಾಗಿರುತ್ತದೆ. ಅಂಚು ಫೋಕಸಿನಲ್ಲಿದ್ದರೆ ನಡುವೆ ಇಲ್ಲ, ನಡುವೆ ಇದ್ದರೆ ಅಂಚಿಲ್ಲ. ಇದರ ಮೇಲೆ ಬೆಳಕು ದಪ್ಪ ಗಾಜಿನ ಮೂಲಕ ಹಾಯಬೇಕು. ಗಾಜಿಗೆ ಎರಡು ಮೈ, ಎರಡರ ಮೇಲೂ ಧೂಳು. ಬಿಳಿ ಪಂಚೆಯ ಬೆಳಕು ಪಕ್ಕದ ಕಪ್ಪು ಕೋಟಿನ ಮೇಲೆ ಸೋರುವುದೂ ಇಲ್ಲಿಂದಲೇ. ಇದರ ಪೆಟ್ಟು ಹೆಚ್ಚು ಬೀಳುವುದು ಸ್ಲೈಡುಗಳಿಗೆ, ಏಕೆಂದರೆ ಸ್ಲೈಡಿನ ನೆರಳು ನೆಗೆಟಿವಿನ ಯಾವ ಭಾಗಕ್ಕಿಂತಲೂ ಗಾಢ. ಫಿಲ್ಮ್ ಸ್ಕ್ಯಾನರಿನ ಮಸೂರ ನೋಡಬೇಕಾದದ್ದು 24 ಮಿಲಿಮೀಟರಿನ ಚಿಕ್ಕ ಕಿಟಕಿಯನ್ನು ಮಾತ್ರ, ನಡುವೆ ಗಾಜಿಲ್ಲ. ಅದರಲ್ಲಿ ಮಾಟಮಂತ್ರವೇನಿಲ್ಲ. ಒಂದೇ ಕೆಲಸ ಕೊಟ್ಟಿದ್ದಾರೆ, ಅದನ್ನು ಮಾಡುತ್ತದೆ.

ಹಾಗಾದರೆ ಫ್ಲಾಟ್‌ಬೆಡ್ ಕಸವೇ? ಖಂಡಿತ ಅಲ್ಲ. ಡಬ್ಬಿಯಲ್ಲಿ ಏನಿದೆ ಎಂದು ನೋಡದೆ ಸಲಹೆ ಕೊಡುವುದು ತಪ್ಪು ಎಂಬುದಷ್ಟೇ ನನ್ನ ತಕರಾರು.

ನಿಮ್ಮ ತಂದೆಯವರ ಮದುವೆ 1970ರ ಆಸುಪಾಸಿನದಾಗಿದ್ದರೆ ಅದನ್ನು ತೆಗೆದ ಸ್ಟುಡಿಯೋದವರ ಕೈಯಲ್ಲಿ ಇದ್ದದ್ದು ಬಹುಮಟ್ಟಿಗೆ ರೋಲಿಕಾರ್ಡ್ ಅಥವಾ ಯಾಷಿಕಾ-ಮ್ಯಾಟ್, ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಅವಳಿ ಮಸೂರದ ಕ್ಯಾಮೆರಾ. ಮನೆಯವರ ಕೈಯಲ್ಲಿ ಇದ್ದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3. ಒಳಗೆ 120 ಫಿಲ್ಮು, ಒಂದು ರೋಲಿಗೆ ಹನ್ನೆರಡು ಚಿತ್ರ, ಎಷ್ಟೋ ಸಲ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲ್ಮು. ಸಾರ್ವಜನಿಕ ರಂಗದ ಈ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾದದ್ದು. ಆಮದು ಫಿಲ್ಮು ದುಬಾರಿಯಾಗಿದ್ದ ದಿನಗಳಲ್ಲಿ ನಮ್ಮ ಹಿರಿಯರ ಮುಖಗಳನ್ನು ಕಾಪಾಡಿದ ಶ್ರೇಯಸ್ಸಿನಲ್ಲಿ ಅದಕ್ಕೂ ಪಾಲಿದೆ. ಅದರ ಬಗ್ಗೆ ಯಾರಾದರೂ ಬೇರೆಯೇ ಒಂದು ಪ್ರಬಂಧ ಬರೆಯಬೇಕು.

120 ಫಿಲ್ಮಿನ ಚೌಕ ಫ್ರೇಮು 56 ಮಿಲಿಮೀಟರ್ ಅಗಲ. ಅದೇ ಹನ್ನೆರಡು ಜನರ ಸಾಲು ಇಲ್ಲಿ ನಿಂತರೆ ಒಂದು ಮುಖಕ್ಕೆ ಒಂದೂವರೆ ಮಿಲಿಮೀಟರ್ ಸಿಗುತ್ತದೆ. ವಿ850ರಂಥ ಫ್ಲಾಟ್‌ಬೆಡ್ ಅದನ್ನು ಸುಮಾರು 136 ಪಿಕ್ಸೆಲ್ ಆಗಿ ಬಿಡಿಸುತ್ತದೆ, ಹೆಚ್ಚುಕಡಿಮೆ 35 ಎಂಎಂ ಮೇಲೆ ಫಿಲ್ಮ್ ಸ್ಕ್ಯಾನರ್ ಕೊಟ್ಟಷ್ಟೇ. ಇಡೀ ಚೌಕ 25 ಮೆಗಾಪಿಕ್ಸೆಲ್. ಬಡಪಾಯಿ ವಿ600 ಕೂಡ 11 ಮೆಗಾಪಿಕ್ಸೆಲ್ ಕೊಡುತ್ತದೆ. ಆಲ್ಬಮಿಗೆ, ಗೋಡೆಗೆ, ಪುಸ್ತಕಕ್ಕೆ ಎಲ್ಲಕ್ಕೂ ಸಾಕು. ಅಲ್ಲದೆ ಕ್ಲಿಕ್-3ರ ಸಾದಾ ಮಸೂರ ಫಿಲ್ಮಿನ ಮೇಲೆ ಬರೆದದ್ದಕ್ಕಿಂತ ಹೆಚ್ಚನ್ನು ಯಾವ ಸ್ಕ್ಯಾನರೂ ಓದಲಾರದು. ಇನ್ನು 35 ಎಂಎಂ ಫಿಲ್ಮ್ ಸ್ಕ್ಯಾನರಿಗೆ 120 ಫಿಲ್ಮು ತೂರುವುದೇ ಇಲ್ಲ. 120ಕ್ಕೂ ಆಗುವ ಕೂಲ್‌ಸ್ಕ್ಯಾನ್ 9000ದಂಥ ಯಂತ್ರಗಳ ಬೆಲೆಯನ್ನು ಒಮ್ಮೆ ಕೇಳಿ, ನೀರು ಕುಡಿದು, ಮರೆತುಬಿಡಿ. ಇಲ್ಲಿ ಫ್ಲಾಟ್‌ಬೆಡ್ಡೇ ಸರಿ. ಗಾಜಿನ ಮೇಲೆ ಧಾರಾಳವಾಗಿ ಮಲಗಿಸಿ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಡಬ್ಬಿ ತೆರೆದು ಸ್ಕೇಲು ಹಿಡಿಯಿರಿ. ಇಬ್ಬದಿ ತೂತುಗಳಿರುವ ಕಿರಿದಾದ ಪಟ್ಟಿ 35 ಎಂಎಂ. ತೂತಿಲ್ಲದ ಅಗಲ ಪಟ್ಟಿ 120. ಎರಡೂ ಇರುವ ಮನೆಗಳೇ ಹೆಚ್ಚು, ಅಪ್ಪನ ಮದುವೆ 120ರಲ್ಲಿ, ಮಗನ ಉಪನಯನ 35ರಲ್ಲಿ. ಅಂಥವರಿಗೆ ನನ್ನ ಉತ್ತರ ಎರಡು ಯಂತ್ರ ಎಂಬುದೇ. ಹೌದು, ಎರಡು.

ಇಲ್ಲಿ ನನ್ನ ಗೆಳೆಯರು ಎತ್ತುವ ಆಕ್ಷೇಪಗಳಲ್ಲಿ ಒಂದಕ್ಕೆ ನಿಜಕ್ಕೂ ತೂಕವಿದೆ. 'ನಮ್ಮ ಮನೆಯಲ್ಲಿ ಇದ್ದದ್ದು ಹಾಟ್ ಶಾಟ್, ಆಮೇಲೆ ಕೊಡಾಕ್ ಕೆಬಿ-10. ಆ ಮಸೂರಗಳೇ ಅಷ್ಟಕ್ಕಷ್ಟೆ. 3600 ಡಿಪಿಐ ತಗೊಂಡು ಏನು ಮಾಡೋದು?' ಒಪ್ಪಿದೆ. ಅಗ್ಗದ ಮಸೂರದಿಂದ, 400 ಎಎಸ್ಎ ಫಿಲ್ಮಿನ ಮೇಲೆ, ಕೈ ಅಲುಗಾಡಿಸಿಕೊಂಡು ತೆಗೆದ ಪ್ರವಾಸದ ಚಿತ್ರಕ್ಕೆ ವಿ850 ಸಾಕು, ಕೆಲವಕ್ಕೆ ವಿ600 ಸಾಕು. ಆದರೆ ಅದೇ ಡಬ್ಬಿಯಲ್ಲಿ ಮದುವೆಗೆ ಬಂದ ವೃತ್ತಿ ಛಾಯಾಗ್ರಾಹಕ ನಿಕಾನ್ ಎಫ್‌ಎಂ2ನಲ್ಲಿ ಫ್ಲ್ಯಾಷ್ ಹಾಕಿ ತೆಗೆದ ಪಟ್ಟಿಗಳೂ ಇವೆ. ಪೆಂಟಾಕ್ಸ್ ಕೆ1000 ಇಟ್ಟುಕೊಂಡಿದ್ದ ಹುಚ್ಚು ಸೋದರಮಾವ ಒಬ್ಬ ಎಲ್ಲ ಕುಟುಂಬದಲ್ಲೂ ಇರುತ್ತಾನೆ, ಅವನವೂ ಇವೆ. ಅವನ್ನು ಬೇರೆ ಮಾಡಬಹುದು. ಫೋನಿನ ಪರದೆಯನ್ನು ಬಿಳಿ ಮಾಡಿ, ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ನೆಗೆಟಿವನ್ನು ಇಟ್ಟು, ಹಳೆಯ 50 ಎಂಎಂ ಕ್ಯಾಮೆರಾ ಮಸೂರವನ್ನು ತಲೆಕೆಳಗು ಹಿಡಿದು ಅದರೊಳಗಿಂದ ನೋಡಿ. ರೆಪ್ಪೆಗೂದಲು ಕಾಣುವ ನೆಗೆಟಿವ್ ಯಾವುದು, ಕಾಣದ್ದು ಯಾವುದು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೊತ್ತು ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ವಿ600ರಲ್ಲಿ ಒಂದು ಸಲಕ್ಕೆ 12 ಫ್ರೇಮು ಇಟ್ಟು ಅಡುಗೆಮನೆಗೆ ಹೋಗಬಹುದು, ವಿ850ರಲ್ಲಿ 18. ಪ್ಲಸ್‌ಟೆಕ್‌ನಲ್ಲಿ ಒಂದೊಂದು ಫ್ರೇಮಿಗೂ ಹೋಲ್ಡರನ್ನು ಕೈಯಾರೆ ತಳ್ಳಬೇಕು. ಧೂಳು ತೆಗೆಯುವ ಇನ್ಫ್ರಾರೆಡ್ ಓದೂ ಸೇರಿ ಫ್ರೇಮಿಗೆ ನಾಲ್ಕು ನಿಮಿಷ ಎಂದುಕೊಳ್ಳಿ. ಅರವತ್ತು ರೋಲು ಇದ್ದರೆ 2160 ಫ್ರೇಮು, 144 ಗಂಟೆ. ನಿವೃತ್ತರೂ ಮಾಡುವುದಿಲ್ಲ. ಆದರೆ 2160 ಫ್ರೇಮನ್ನೂ ಉತ್ತಮ ದರ್ಜೆಯಲ್ಲಿ ಸ್ಕ್ಯಾನ್ ಮಾಡಿ ಎಂದು ಯಾರು ಹೇಳಿದರು? ಮೈಸೂರಿನ ಮೃಗಾಲಯದ ಜಿರಾಫೆ ಹದಿನಾಲ್ಕು ಫ್ರೇಮುಗಳಲ್ಲಿದೆ, ಹದಿನಾಲ್ಕರಲ್ಲೂ ಅದರ ತಲೆ ಕತ್ತರಿಸಿ ಹೋಗಿದೆ. ಫ್ಲಾಟ್‌ಬೆಡ್ಡಿನಲ್ಲಿ ಕಡಿಮೆ ಡಿಪಿಐಗೆ ಎಲ್ಲವನ್ನೂ ಸರಸರ ಓಡಿಸಿ, ಅದನ್ನು ಸೂಚಿ ಎಂದು ಕರೆಯಿರಿ. ಅದರಿಂದ ಇನ್ನೂರು ಆರಿಸಿ. ಇನ್ನೂರಕ್ಕೆ ನಾಲ್ಕು ನಿಮಿಷದಂತೆ ಹದಿಮೂರು ಗಂಟೆ ಚಿಲ್ಲರೆ. ಒಂದು ತಿಂಗಳ ಭಾನುವಾರಗಳ ಸಂಜೆ, ಒಂದು ಕಡೆ ಕ್ರಿಕೆಟ್ ಹಾಕಿಕೊಂಡು.

ದುಡ್ಡಿನ ವಿಷಯ. ಫಿಲ್ಮ್ ಸ್ಕ್ಯಾನರು ಮಿಕ್ಸರಿನಂತೆ ಮನೆಗೊಂದು ಇರಬೇಕಾದ ವಸ್ತುವಲ್ಲ, ಒಂದು ಕುಟುಂಬಕ್ಕೆ ಅದು ಬೇಕಾಗುವುದು ಜನ್ಮದಲ್ಲಿ ಒಂದು ತಿಂಗಳು. ಇದು ಹಂಚಿಕೊಳ್ಳಬೇಕಾದ ಯಂತ್ರ. ಹೊರನಾಡಿನ ನಮ್ಮ ಕನ್ನಡ ಸಂಘಗಳು ಬೆಳ್ಳಿಹಬ್ಬಕ್ಕೆ, ಸುವರ್ಣ ಮಹೋತ್ಸವಕ್ಕೆ ನುಣುಪು ಕಾಗದದ ಸ್ಮರಣ ಸಂಚಿಕೆ ತರುತ್ತವೆ. ಅರ್ಧ ಪುಟಗಳಲ್ಲಿ ಶುಭ ಕೋರುವ ಜಾಹೀರಾತು, ಉಳಿದದ್ದರಲ್ಲಿ ಹಳೆಯ ಸಂಚಿಕೆಯ ಮುದ್ರಿತ ಪುಟದಿಂದ ಫೋನಿನಲ್ಲಿ ತೆಗೆದು ಮತ್ತೆ ಮುದ್ರಿಸಿದ ಮಸಕು ಚಿತ್ರ. ಯಶವಂತ ಚಿತ್ತಾಲರು, ವ್ಯಾಸರಾಯ ಬಲ್ಲಾಳರು ಬಾಳಿ ಬರೆದ ಮುಂಬಯಿಯಲ್ಲಿ ನಡೆದ ಗೋಷ್ಠಿಗಳು, ನಾಟಕಗಳು, ತಾಳಮದ್ದಳೆಗಳ ನೆಗೆಟಿವ್‌ಗಳು ಯಾವ ಯಾವ ಸದಸ್ಯರ ಲಾಫ್ಟಿನಲ್ಲಿ ಕೂತಿವೆಯೋ! ಒಂದು ಸಂಚಿಕೆಯ ನಾಲ್ಕು ಬಣ್ಣದ ಪುಟಗಳನ್ನು ಕಡಿಮೆ ಮಾಡಿ, ಒಂದು ಫಿಲ್ಮ್ ಸ್ಕ್ಯಾನರ್ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಸದಸ್ಯರಿಗೆ ಎರವಲು ಕೊಡಲಿ. ಇದನ್ನು ಮಾಡಲು ಯಾವ ಸರ್ಕಾರಿ ಅನುದಾನವೂ ಬೇಡ. ಮಾಡದಿರಲು ನಮ್ಮ ಸೋಮಾರಿತನ ಬಿಟ್ಟು ಬೇರೆ ಕಾರಣ ನನಗೆ ಕಾಣುತ್ತಿಲ್ಲ.

ನನ್ನ ಪಕ್ಷವನ್ನೇ ದುರ್ಬಲಗೊಳಿಸುವ ಒಂದು ದಾರಿಯೂ ಇದೆ, ಮುಚ್ಚಿಡುವುದಿಲ್ಲ. ಮನೆಯಲ್ಲಿ 24 ಮೆಗಾಪಿಕ್ಸೆಲಿನ ಕ್ಯಾಮೆರಾ, ಒಂದು ಮ್ಯಾಕ್ರೊ ಮಸೂರ ಇದ್ದರೆ ಸ್ಕ್ಯಾನರೇ ಬೇಡ. ಸಮನಾದ ಬಿಳಿ ಬೆಳಕಿನ ಫಲಕ, ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಒಂದು ಹೋಲ್ಡರ್, ಅಲುಗಾಡದ ಸ್ಟ್ಯಾಂಡ್ ಇಷ್ಟು ಸಾಕು. ಒಂದಕ್ಕೊಂದು ಅಳತೆಯಲ್ಲಿ ತೆಗೆದರೆ ಫ್ರೇಮಿನ ಅಗಲಕ್ಕೆ 6000 ಪಿಕ್ಸೆಲ್, ಫ್ರೇಮಿಗೆ ಕೆಲವೇ ಸೆಕೆಂಡು. ಸರಿಯಾಗಿ ಮಾಡಿದರೆ ಫ್ಲಾಟ್‌ಬೆಡ್ಡನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಕಷ್ಟ ಎರಡು. ಬಣ್ಣದ ನೆಗೆಟಿವಿನ ಕಿತ್ತಳೆ ಛಾಯೆಯನ್ನು ತೆಗೆದು ಬಣ್ಣ ತಿರುಗಿಸುವ ಕೆಲಸ ನೀವೇ ಕಲಿಯಬೇಕು. ಮತ್ತೆ, ಧೂಳು ಮತ್ತು ಗೀರು ತೆಗೆಯುವ ಇನ್ಫ್ರಾರೆಡ್ ಇಲ್ಲಿಲ್ಲ.

ಆ ಇನ್ಫ್ರಾರೆಡ್ ಬಗ್ಗೆ ಎರಡು ಮಾತು, ಅಂಗಡಿಯವರು ಇದನ್ನು ಹೇಳುವುದಿಲ್ಲ. ಬಣ್ಣದ ಫಿಲ್ಮಿನ ವರ್ಣದ್ರವ್ಯದ ಮೂಲಕ ಇನ್ಫ್ರಾರೆಡ್ ಬೆಳಕು ಸಲೀಸಾಗಿ ಹಾಯುತ್ತದೆ, ಧೂಳು ಗೀರುಗಳು ಅದನ್ನು ತಡೆಯುತ್ತವೆ. ಹೀಗೆ ಯಂತ್ರಕ್ಕೆ ಧೂಳಿನ ನಕ್ಷೆ ಸಿಗುತ್ತದೆ, ಅಲ್ಲಿ ತೇಪೆ ಹಾಕುತ್ತದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿ ಇನ್ಫ್ರಾರೆಡ್ಡನ್ನೂ ತಡೆಯುತ್ತದೆ. ಆಗ ಯಂತ್ರ ನಿಮ್ಮ ತಾತನನ್ನೇ ಧೂಳೆಂದು ತಿಳಿದು ಅಳಿಸಲು ಹೊರಡುತ್ತದೆ. ಕಪ್ಪುಬಿಳುಪಿಗೆ ಅದನ್ನು ಆರಿಸಿಟ್ಟು, ಊದುವ ರಬ್ಬರ್ ಬುಗ್ಗೆಯಿಂದ ಧೂಳು ಹಾರಿಸಿ. ಬಣ್ಣದ್ದೇ ಹೆಚ್ಚಿದ್ದರೆ ಪ್ಲಸ್‌ಟೆಕ್‌ನಲ್ಲಿ 8200ರ ಮುಂದೆ 'ಐ' ಇದೆಯೇ ನೋಡಿ. 8100ರಲ್ಲಿ ಇನ್ಫ್ರಾರೆಡ್ ಇಲ್ಲ.

ಎರಡು ಬಗೆಯ ವ್ಯಾಪಾರದಿಂದ ದೂರವಿರಿ. ಮೊದಲನೆಯದು, ಆನ್‌ಲೈನಿನಲ್ಲಿ ಸಿಗುವ, ಚಿಕ್ಕ ಪರದೆಯ, '22 ಮೆಗಾಪಿಕ್ಸೆಲ್ ಫಿಲ್ಮ್ ಸ್ಕ್ಯಾನರ್' ಎಂಬ ಆಟಿಕೆ. ಅದು ಸ್ಕ್ಯಾನರೇ ಅಲ್ಲ, ಡಬ್ಬಿಯೊಳಗೆ ಕೂಡಿಟ್ಟ ಅಗ್ಗದ ಕ್ಯಾಮೆರಾ. ಅದಕ್ಕಿಂತ ಫ್ಲಾಟ್‌ಬೆಡ್ ಎಷ್ಟೋ ವಾಸಿ. ಎರಡನೆಯದು ಕೂಲ್‌ಸ್ಕ್ಯಾನ್ ಭಕ್ತಿ. ಹಳೆಯ ನಿಕಾನ್ ಯಂತ್ರಕ್ಕೆ ದೇವರ ಪಟ್ಟ ಕಟ್ಟಿ, ಸೆಕೆಂಡ್‌ಹ್ಯಾಂಡಿನಲ್ಲಿ ಹುಡುಕುತ್ತ ವರ್ಷಗಟ್ಟಲೆ ಕಾಯುವವರಿದ್ದಾರೆ. ಯಂತ್ರ ಒಳ್ಳೆಯದೇ. ಆದರೆ ಒಳಗಿನ ಕನ್ನಡಿಯ ಮೇಲೆ ಧೂಳು ಕೂತು ಚಿತ್ರಕ್ಕೆ ಮಂಜು ಕವಿಯುತ್ತದೆ, ಕೆಟ್ಟರೆ ಬಿಡಿಭಾಗ ಇಲ್ಲ, ನಿಕಾನ್ ತನ್ನ ಸಾಫ್ಟ್‌ವೇರನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು, ವ್ಯೂಸ್ಕ್ಯಾನ್‌ನಂಥ ಮೂರನೆಯವರ ಸಾಫ್ಟ್‌ವೇರೇ ಗತಿ. ಅದಕ್ಕಾಗಿ ಕಾಯುವ ಐದು ವರ್ಷದಲ್ಲಿ ಫಿಲ್ಮು ಕಾಯುವುದಿಲ್ಲ.

ಫಿಲ್ಮು ಯಾಕೆ ಕಾಯುವುದಿಲ್ಲ ಎಂದರೆ, ಹಳೆಯ ನೆಗೆಟಿವ್‌ಗಳ ಆಧಾರಪಟ್ಟಿ ಬಹುಪಾಲು ಅಸಿಟೇಟ್. ಅದು ತೇವ ಮತ್ತು ಬಿಸಿಗೆ ಒಡೆಯತೊಡಗಿದಾಗ ಹೊರಬರುವುದು ಅಸೆಟಿಕ್ ಆಮ್ಲ, ಅಂದರೆ ವಿನೆಗರ್. ಆ ಆಮ್ಲ ಒಡೆಯುವುದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಅಮೆರಿಕದ ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಲೆಕ್ಕದಂತೆ 21 ಡಿಗ್ರಿ ಸೆಲ್ಸಿಯಸ್, ಶೇ. 50 ತೇವದಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಈ ರೋಗ ತಗಲಲು ಸುಮಾರು 40 ವರ್ಷ. ಅದು ಹವಾನಿಯಂತ್ರಿತ ಕೋಣೆಯ ಲೆಕ್ಕ. ಚೆನ್ನೈಯ ಮೇ, ಮುಂಬಯಿಯ ಜುಲೈ ಆ ಲೆಕ್ಕದಲ್ಲಿ ಬರುವುದಿಲ್ಲ. ಜೊತೆಗೆ ಬೂಷ್ಟು ಹಿಡಿಯುತ್ತದೆ, ಬಣ್ಣದ ಫಿಲ್ಮಿನ ಬಣ್ಣ ಮಾಸುತ್ತದೆ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಆ ಪಟ್ಟಿಗಳನ್ನು ತಕ್ಷಣ ಉಳಿದವುಗಳಿಂದ ಬೇರೆ ಮಾಡಿ. ಅವಕ್ಕೆ ಯಾವ ಯಂತ್ರ ಕೈಗೆ ಸಿಗುತ್ತದೋ ಅದರಲ್ಲಿ ಈ ವಾರವೇ ಸ್ಕ್ಯಾನ್ ಮಾಡಿ, ಫ್ಲಾಟ್‌ಬೆಡ್ ಆದರೂ ಸರಿ. ಮೇಲಿನ ನನ್ನ ವಾದವೆಲ್ಲ ಆರೋಗ್ಯವಾಗಿರುವ ಫಿಲ್ಮಿನ ಬಗ್ಗೆ.

ಇಷ್ಟೆಲ್ಲ ರಗಳೆ ಯಾಕೆ, ಅಂಗಡಿಗೆ ಕೊಟ್ಟರಾಯಿತು ಎನ್ನುವವರು ನಮ್ಮ ಬಂಧುಗಳ ಅನುಭವ ಕೇಳಿ. ಪುಣೆಯ ಒಂದು ಅಂಗಡಿಗೆ ಇಪ್ಪತ್ತು ರೋಲು ಕೊಟ್ಟಿದ್ದರು. ರಸೀದಿಯ ಮೇಲೆ '6400 ಡಿಪಿಐ' ಎಂದು ದಪ್ಪಕ್ಷರದಲ್ಲಿತ್ತು. ವಾಪಸು ಬಂದದ್ದು ತಲಾ 400 ಕೆಬಿಯ ಜೆಪೆಗ್ ಫೈಲುಗಳು. ಆರಾರು ಫ್ರೇಮಿನ ಪಟ್ಟಿಗಳಾಗಿದ್ದ ನೆಗೆಟಿವ್‌ಗಳು ಒಂದೊಂದೇ ಫ್ರೇಮಾಗಿ ಕತ್ತರಿಸಿ ಬಂದಿದ್ದವು. ಯಾಕೆಂದು ಕೇಳಿದರೆ, 'ಹೋಲ್ಡರಿಗೆ ಹಾಕಲು ಅನುಕೂಲ ಸರ್' ಎಂಬ ಉತ್ತರ. ಒಂಟಿ ಫ್ರೇಮನ್ನು ಮತ್ತೆ ಯಾವ ಹೋಲ್ಡರೂ ಸರಿಯಾಗಿ ಹಿಡಿಯುವುದಿಲ್ಲ. ಕೊಡಲೇಬೇಕೆಂದಿದ್ದರೆ ಮೊದಲೇ ಬರಹದಲ್ಲಿ ಕೇಳಿ: ಯಂತ್ರದ ಹೆಸರು ಮತ್ತು ಮಾದರಿ ಯಾವುದು, ಟಿಫ್ ಕೊಡುತ್ತೀರಾ, ಪಟ್ಟಿ ಕತ್ತರಿಸುವುದಿಲ್ಲ ತಾನೆ? 'ಎಷ್ಟು ಡಿಪಿಐ' ಎಂದು ಮಾತ್ರ ಕೇಳಬೇಡಿ. ಒಂದೇ ಒಂದು ಗುಂಪುಚಿತ್ರವನ್ನು ಮಾದರಿಗೆ ಮಾಡಿಸಿ, ಒಂದು ಮುಖವನ್ನು ಹಿಗ್ಗಿಸಿ ನೋಡಿ, ಆಮೇಲೆ ಉಳಿದದ್ದು ಕೊಡಿ.

ಯಾವ ಯಂತ್ರದಲ್ಲೇ ಮಾಡಿ, ಮುಗಿದ ಮೇಲೆ ನೆಗೆಟಿವ್ ಎಸೆಯಬೇಡಿ. ಪಿವಿಸಿ ಲಕೋಟೆ ಬೇಡ, ಪಾಲಿಪ್ರಾಪಿಲೀನ್ ಅಥವಾ ಆಮ್ಲರಹಿತ ಕಾಗದದ ಲಕೋಟೆ ತನ್ನಿ. ಮನೆಯಲ್ಲಿ ತಂಪಾದ, ಒಣಗಿದ ಜಾಗ ಎಂದರೆ ಲಾಫ್ಟ್ ಅಲ್ಲ, ಮಲಗುವ ಕೋಣೆಯ ಕಪಾಟಿನ ನಡುವಿನ ಹಲಗೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ವರ್ಷ, ಊರು, ಸಂದರ್ಭ ಬರೆಯಿರಿ. ಗುಂಪುಚಿತ್ರಗಳ ಸ್ಕ್ಯಾನುಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಈ ಡಿಸೆಂಬರಿನಲ್ಲಿ ಊರಿಗೆ ಹೋಗಿ. ಎರಡನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯವರು ಯಾರೆಂದು ಹೇಳಬಲ್ಲವರು ಈಗ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ, ಅವರಿಗೂ ಕಣ್ಣಿಗೆ ಪೊರೆ ಬಂದಿರುತ್ತದೆ. ಮುಖವನ್ನು ಪರದೆ ತುಂಬ ಹಿಗ್ಗಿಸಿ ತೋರಿಸಿ, ಹೆಸರು ಬರೆದುಕೊಳ್ಳಿ.